ದೊರೆಯ ತೂಕ

ಮನೆಯಿಂದ,
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಎಂಜಿನ್ ಕೋಣೆಯ ಬಿಸಿಗೆ ಕೈಮೇಲೆ ಎದ್ದಿದ್ದ ಬೊಕ್ಕೆ ಒಣಗಿತೇ? ನಿಮ್ಮ ಹಡಗಿಗೆ ಫೋನು ಸಿಗುತ್ತಿಲ್ಲ. ಮುಂದಿನ ಬಂದರಿನಲ್ಲಾದರೂ ಈ ಕಾಗದ ನಿನ್ನ ಕೈ ಸೇರಲಿ. ನಿಂತು ಓದಬೇಡ, ಕೂತು ಓದು.

ನಮ್ಮ ದೊರೆ ಹೋಗಿಬಿಟ್ಟ. ಕಳೆದ ಮಂಗಳವಾರ, ಅಡುಗೆಮನೆಯ ಬಾಗಿಲಲ್ಲಿ, ಅಮ್ಮನ ಕಾಲ ಬಳಿಯೇ. ಹತ್ತು ವರ್ಷ ನಾಯಿಗೆ ಒಂದು ವಯಸ್ಸೇ ಅಲ್ಲ ಎನ್ನುತ್ತಿದ್ದೆಯಲ್ಲ. ಅವನ ಜೊತೆ ಹುಟ್ಟಿದವಳು, ಆ ದರ್ಜಿಯ ಮನೆಯ ಹೆಣ್ಣುನಾಯಿ, ಇವತ್ತಿಗೂ ಮೆಟ್ಟಿಲು ಹಾರಿ ಇಳಿಯುತ್ತಾಳೆ. ಅವಳು ಮರಿಯಿದ್ದಾಗಿನಿಂದ ದರ್ಜಿ ಊಟ ಅಳೆದೇ ಹಾಕಿದವನು. ಜಿಪುಣ ಎಂದು ನಾವೆಲ್ಲ ಆಡಿಕೊಂಡು ನಕ್ಕಿದ್ದೆವು.

ನೀನು ಹೇಳಿದ್ದನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ ಅಣ್ಣಾ. ದೊರೆಯ ಸೊಂಟ ಹಿಡಿದಾಗ ನೀನು ಮೊಳೆಯಿಂದ ಗೆರೆ ಗೀರಿಕೊಟ್ಟ ಆ ಸ್ಟೀಲ್ ಲೋಟದಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು, ಗೆರೆಯ ಮೇಲೆ ಒಂದು ಕಾಳೂ ಇಲ್ಲ. ತಿಂಗಳಿಗೊಮ್ಮೆ ಅಂಚೆ ಕಚೇರಿಗೆ ಕರೆದೊಯ್ದು ನನ್ನ ಕೌಂಟರಿನ ಪಾರ್ಸೆಲ್ ತಕ್ಕಡಿಯ ಮೇಲೆ ಕೂರಿಸುತ್ತಿದ್ದೆ. ಅವನೂ ಗತ್ತಿನಲ್ಲೇ ಕೂರುತ್ತಿದ್ದ. "ಇವನನ್ನ ಯಾವ ಊರಿಗೆ ಕಳಿಸ್ತೀಯಮ್ಮಾ?" ಎಂದು ಪೋಸ್ಟ್‌ಮಾಸ್ಟರ್ ರೇಗಿಸುತ್ತಿದ್ದರು. ಆದರೆ ಐದು ತಿಂಗಳಿಂದ ಮುಳ್ಳು ಏರುತ್ತಲೇ ಹೋಯಿತು. ಮೂವತ್ತು ಕಿಲೋ ಇದ್ದವನು ಮೂವತ್ತೊಂಬತ್ತಾದ. ಮೂರು ಮೆಟ್ಟಿಲು ಹತ್ತಿದರೆ ಏದುಸಿರು. ಪಶುವೈದ್ಯರು ನನ್ನನ್ನೇ ಬೈದರು: "ಮೈ ಇಳಿಸಿದ್ರೆ ಇನ್ನೂ ಎರಡು ವರ್ಷ ಬದುಕ್ತಾನೆ. ಯಾರೋ ಕದ್ದು ತಿನ್ನಿಸ್ತಿದಾರೆ, ಮೊದಲು ಅವರನ್ನ ಹಿಡೀರಿ."

ನಾನು ಅಪ್ಪನನ್ನು ಹಿಡಿದೆ. ಬಸ್ಸು ಓಡಿಸುತ್ತಿದ್ದ ಕಾಲದಿಂದಲೂ ಜೇಬಲ್ಲಿ ಬಿಸ್ಕತ್ತು ಇಟ್ಟುಕೊಳ್ಳುವ ಮನುಷ್ಯ, ಇನ್ಯಾರ ಮೇಲೆ ಅನುಮಾನ ಬರಬೇಕು? ಬಾಯಿಗೆ ಬಂದಂತೆ ಅಂದುಬಿಟ್ಟೆ. "ನನ್ನಾಣೆ ಕಣೇ, ಒಂದು ಚೂರೂ ಹಾಕಿಲ್ಲ" ಅಂದರು. ನಂಬಲಿಲ್ಲ. ಹದಿನೈದು ದಿನ ಅವರು ನನ್ನ ಜೊತೆ ಮಾತು ಬಿಟ್ಟರು. ಅಮ್ಮ ಮಾತ್ರ ನಮ್ಮಿಬ್ಬರಿಗೂ ಬಡಿಸಿ, ತನ್ನ ತಟ್ಟೆ ಹಿಡಿದು ಅಡುಗೆಮನೆಗೆ ಹೋಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಖಾಲಿ ತಟ್ಟೆ ತೊಳೆದಿಡುತ್ತಿದ್ದಳು. ಪಾಪ, ನಮ್ಮ ಜಗಳ ನೋಡಲಾರದೆ ಒಳಗೆ ಕೂತು ಉಣ್ಣುತ್ತಾಳೆ ಅಂದುಕೊಂಡೆ.

ದೊರೆಯಿಲ್ಲದೆ ಮನೆ ಬಿಕೋ ಎನ್ನುತ್ತಿದೆ. ಬಾಗಿಲ ಹಿಂದಿನ ಅವನ ಸರಪಳಿಯನ್ನು ತೆಗೆಯಲು ಅಪ್ಪ ಬಿಡುತ್ತಿಲ್ಲ. ಅಪ್ಪ ಅಮ್ಮ ಇಬ್ಬರ ಆಶೀರ್ವಾದವೂ ನಿನಗಿದೆ. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಬುಧವಾರದಿಂದ ಅಮ್ಮನ ತಟ್ಟೆ ತುಂಬಿದ ಹಾಗೇ ಉಳಿಯುತ್ತಿದೆ. ತಿನ್ನಲು ಈಗ ದೊರೆ ಇಲ್ಲ. ಐದು ತಿಂಗಳಿಂದ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲವಂತೆ. "ನಿಮ್ಮಣ್ಣಂಗೆ ಗೊತ್ತಾದ್ರೆ ಕೆಲಸ ಬಿಟ್ಟು ಓಡಿ ಬರ್ತಾನೆ" ಅಂತ ತಟ್ಟೆಯಲ್ಲಿದ್ದುದೆಲ್ಲವನ್ನೂ ದೊರೆಗೇ ಹಾಕಿದಳಂತೆ. ಶುಕ್ರವಾರ ಗಂಟಲಿಗೆ ಕೊಳವೆ ಇಳಿಸಿ ನೋಡಿದರು. ಗಡ್ಡೆ ಅಂದರು, ತಡವಾಗಿದೆ ಅಂದರು. ನಾಯಿಯನ್ನು ತಿಂಗಳು ತಪ್ಪದೆ ತೂಗಿದೆ ಅಣ್ಣಾ. ಅಮ್ಮನನ್ನು ತೂಗಿದ್ದು ಅವತ್ತೇ ಮೊದಲು. ಮೂವತ್ತಾರು ಕಿಲೋ. ದೊರೆಗಿಂತ ಮೂರು ಕಡಿಮೆ. ಈ ಕಾಗದ ಸಿಕ್ಕ ಬಂದರಿನಲ್ಲೇ ಇಳಿದು ಬಾ.