ಇನ್ನೂರು ಸಿಸಿಗೆ ಇಬ್ಬರು

ಬಂಟ್ವಾಳ
12-11-2025

ಪ್ರೇಮಾ,

ಸಿಟ್ಟು ಇರಲಿ, ಆದರೆ ಹರಿದು ಬಿಸಾಡಬೇಡ, ಓದಿ ಮುಗಿಸು. ನನ್ನ ಫೋನ್ ನೀನು ಎತ್ತುವುದಿಲ್ಲ. ಎತ್ತಿದರೂ ನಾನು ಜಗಳವೇ ಮಾಡುವುದು, ಅದಕ್ಕೆ ಪತ್ರ ಬರೆಯಿರಿ ಎಂದು ಪ್ರಾಪ್ತಿ ಮಿಜಾರಿನ ಹಾಸ್ಟೆಲಿನಿಂದ ಬೈದಳು. ಮಗಳ ಕೈಯಲ್ಲಿ ಬೈಸಿಕೊಳ್ಳುವ ಪ್ರಾಯ ಬಂತು ನೋಡು. ನೀನು ನಾರಾವಿಗೆ, ಗುರುವಪ್ಪ ಭಾವನ ಮನೆಗೆ ಹೋಗಿ ಇವತ್ತಿಗೆ ಐವತ್ತೆರಡು ದಿನ.

ನಿನ್ನೆ ಪಕ್ಕದ ಮನೆಯ ಅಬ್ದುಲ್ ಶುಕೂರ್ ಬಂದಿದ್ದರು. ಅವರಿಗೂ ನಮ್ಮದರ ಹಾಗಿನದೇ ಬೈಕ್ ಬೇಕಂತೆ, ಹೇಗುಂಟು ಎಂದು ಕೇಳಿದರು. ಶೋರೂಮಿನಲ್ಲಿ ಯಾರೂ ಹೇಳದ್ದನ್ನೆಲ್ಲ ಹೇಳಿದೆ. ನೋಡಲಿಕ್ಕೆ ಹಿಮಾಲಯಕ್ಕೆ ಹೊರಟ ಹಾಗೆ ಉಂಟು, ಒಳಗಿರುವುದು ಬರೀ ಇನ್ನೂರು ಸಿಸಿ. ಎಂಬತ್ತರ ಮೇಲೆ ಹೋದರೆ ಕೈ ಜುಮ್ಮೆನ್ನುತ್ತದೆ. ಸೀಟು ಎಷ್ಟು ಎತ್ತರ ಎಂದರೆ ನಿಲ್ಲಿಸುವಾಗ ನನ್ನ ಒಂದೇ ಕಾಲು ನೆಲಕ್ಕೆ ತಾಗುವುದು, ಅದೂ ಹೆಬ್ಬೆರಳು. ವಿಡಿಯೋದಲ್ಲಿ ಹೊಳೆ ದಾಟುವ ಹುಡುಗ ಆರಡಿ ಇದ್ದಾನೆ, ಮತ್ತೆ ಅವನ ಹಿಂದೆ ಹೆಂಡತಿಯೂ ಇಲ್ಲ, ಚೀಲವೂ ಇಲ್ಲ. ಪೇಟೆಗೆ, ಕೆಲಸಕ್ಕೆ, ನಮ್ಮ ಹೊಂಡದ ರಸ್ತೆಗೆ ಒಳ್ಳೆಯದು, ಅದಕ್ಕಿಂತ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದೆ. ಇದನ್ನು ಮೊದಲೇ ನನಗೆ ನಾನು ಹೇಳಿಕೊಂಡಿದ್ದರೆ!

ನೀನು ಬೈಕ್ ಬೇಡ ಎಂದವಳಲ್ಲ. ಐವತ್ತೆರಡರ ಪ್ರಾಯದಲ್ಲಿ ಸಂಕಪ್ಪನಿಗೆ ಮರುಳು ಹಿಡಿದಿದೆ ಎಂದು ಸೊಸೈಟಿಯಲ್ಲಿ ನನ್ನ ಜೊತೆ ಕೆಲಸ ಮಾಡುವವರೆಲ್ಲ ನಗುವಾಗ, ನೀನು ಪ್ರಾಪ್ತಿಯ ಹಳೆಯ ಶೂಸ್ ಹಾಕಿ ಅಂಗಳದಲ್ಲಿ ನಡೆದು ಅಭ್ಯಾಸ ಮಾಡಿದೆ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ನಾವಿಬ್ಬರೇ ಎಲ್ಲಿಗೂ ಹೋದದ್ದಿಲ್ಲ, ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವ ಎಂದು ಆಸೆ ಹುಟ್ಟಿಸಿದ್ದು ನಾನೇ. ಬೈಕ್ ಹತ್ತಲಿಕ್ಕೆ ಆಗದೆ ನೀನು ಜಗಲಿಯ ಮೇಲೆ ನಿಂತದ್ದು, ಉಜಿರೆಯಲ್ಲಿ ಚಾ ಕುಡಿದ ಮೇಲೆ ಹತ್ತಲಿಕ್ಕೆ ಮೋರಿಕಟ್ಟೆ ಹುಡುಕಿದ್ದು, ಅಬ್ಬ, ನಕ್ಕು ನಕ್ಕು ಇಬ್ಬರಿಗೂ ಸಾಕಾಗಿತ್ತು.

ಘಾಟಿಯ ಮೂರನೇ ತಿರುವಿನಲ್ಲಿ ನಾನು ನಿಲ್ಲಿಸಿದೆ. ಎಂಜಿನ್ ಕಾದಿದೆ, ಇಬ್ಬರನ್ನು ಎಳೆಯುವುದಿಲ್ಲ, ನೀನು ಬಸ್ಸಿನಲ್ಲಿ ಬಾ ಎಂದೆ. ಪಾಪ, ಅದಕ್ಕೆ ಸುಸ್ತಾಗಿದೆ ಎಂದು ನೀನು ಟ್ಯಾಂಕ್ ಸವರಿದೆಯಲ್ಲ ಮಾರಾಯ್ತಿ! ಮತ್ತೆ ಚೀಲ ಎತ್ತಿಕೊಂಡು ಬಸ್ಸು ಹತ್ತಿದೆ. ನಾನು ಕೊಟ್ಟಿಗೆಹಾರ ಮುಟ್ಟುವಾಗ ನೀನು ಎರಡು ಗಂಟೆ ಕಾದಿದ್ದೆ. ಏನಾದರೂ ತಿಂದೆಯಾ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಬೈಕಿನೊಟ್ಟಿಗೆ ನನ್ನದೊಂದು ಫೋಟೋ ತೆಗೆ ಎಂದೆ. ನೀನು ತೆಗೆದೆ, ಫೋನನ್ನು ನನ್ನ ಕೈಗೆ ಕೊಟ್ಟೆ, ಕೆಳಗೆ ಹೋಗುವ ಬಸ್ಸು ಹತ್ತಿ ಸೀದಾ ನಾರಾವಿಗೆ ಹೋದೆ. ಬೈದಿದ್ದರೆ ಒಳ್ಳೆಯದಿತ್ತು.

ಆ ಫೋಟೋದಲ್ಲಿ ನನ್ನ ಬಾಯಿ ಕಿವಿಯವರೆಗೆ ಉಂಟು. ನೋಡಿದರೆ ನನಗೇ ನಾಚಿಕೆಯಾಗುತ್ತದೆ. ಬೈಕ್ ಮಾರಿಬಿಡುತ್ತೇನೆ. ಸಣ್ಣ ಎಂಜಿನನ್ನು ನಂಬಿ ನಿನಗೆ ದೊಡ್ಡ ಆಸೆ ತೋರಿಸಿದ್ದು ನನ್ನ ತಪ್ಪು. ಒಬ್ಬನೇ ಕುಳಿತರೆ ಅನ್ನ ಇಳಿಯುವುದಿಲ್ಲ ಪ್ರೇಮಾ. ಸಿಟ್ಟು ತಣಿದರೆ ಮನೆಗೆ ಬಾ. ಬರುವುದೇ ಇಲ್ಲ ಎಂದಾದರೆ ಅದನ್ನಾದರೂ ಎರಡು ಗೆರೆ ಬರೆದು ಹಾಕು.

ತಪ್ಪು ಮಾಡಿದ ನಿನ್ನವನೇ,
ಸಂಕಪ್ಪ

ತಾ.ಕ.: ಇದನ್ನು ಬರೆದು ಐದು ದಿನವಾಯಿತು, ಪೋಸ್ಟ್ ಮಾಡಲಿಕ್ಕೆ ಮನಸ್ಸು ಬರಲಿಲ್ಲ. ನಿನ್ನೆ ಆದಿತ್ಯವಾರ ಶುಕೂರ್ ಬಿಡಲಿಲ್ಲ, ಘಾಟಿಯಲ್ಲಿ ಒಮ್ಮೆ ನೋಡಿಯೇ ಬಿಡುವ ಎಂದು ಹಿಂದೆ ಕುಳಿತರು. ಅವರು ತೊಂಬತ್ತೆರಡು ಕೆ.ಜಿ. ಎರಡನೇ ಗೇರಿನಲ್ಲಿ ನಿಧಾನ ಹೋದೆವು, ಹಿಂದಿನಿಂದ ಲಾರಿಯವರು ಹಾರ್ನ್ ಹೊಡೆದದ್ದೇ ಹೊಡೆದದ್ದು. ಆದರೂ ಎಲ್ಲಿಯೂ ನಿಲ್ಲದೆ ಕೊಟ್ಟಿಗೆಹಾರ ಮುಟ್ಟಿದೆವು. ಶುಕೂರ್ ಅವರಿಗೆ ಆಶ್ಚರ್ಯ, ನನಗಲ್ಲ. ಅವತ್ತೂ ಎಂಜಿನ್ ಕಾದಿರಲಿಲ್ಲ. ಆ ತಿರುವುಗಳಲ್ಲಿ ಒಬ್ಬನೇ ಜೋರಾಗಿ ಹೋಗಬೇಕು ಎಂದು ಆಸೆಯಾಯಿತು. ನೀನು ಮೇಲೆ ಕಾಯುತ್ತಿರುವಾಗ ನಾನು ಘಾಟಿ ಹತ್ತಿ, ಅರ್ಧಕ್ಕೆ ಇಳಿದು, ಪುನಃ ಹತ್ತಿದೆ. ಬೈಕ್ ಇಬ್ಬರನ್ನೂ ಎಳೆಯುತ್ತಿತ್ತು ಪ್ರೇಮಾ. ನಿನ್ನನ್ನು ಇಳಿಸಿದ್ದು ನಾನು.