ಅವ್ವನ ಅಳುವಿನ ಮೇಲೆ ಪಿಟೀಲು

ಬೇಗೂರು, ಗುಂಡ್ಲುಪೇಟೆ ತಾಲ್ಲೂಕು
೧೮ ನವೆಂಬರ್ ೨೦೨೪

ಪ್ರೀತಿಯ ಬಿಂದುಶ್ರೀ,

ಹೇಗಿದ್ದೀಯೆ? ಮಗುವಿಗೆ ಹಲ್ಲು ಬಂತೆ? ಹದಿನೈದು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ಬೈದುಕೊಂಡಿರುತ್ತೀಯೆ. ತಪ್ಪು ತಿಳಿಯಬೇಡ. ನನ್ನ ಫೋನ್ ಮುಟ್ಟಲು ನನಗೇ ಹೇಸಿಗೆ, ಅದಕ್ಕೇ ಈ ಕಾಗದ.

ರಾಜ್ಯೋತ್ಸವದ ನೆಪದಲ್ಲಿ ಚಾಮರಾಜನಗರದ ಸಂಘವೊಂದು ನನ್ನನ್ನು ಕರೆಸಿ ಪೇಟ ತೊಡಿಸಿತು. ಅವ್ವ ಮುಂದಿನ ಸಾಲಿನಲ್ಲಿದ್ದಳು. ಜಾಝ್ ಪಿಟೀಲಿಗೆ ನಿಮ್ಮ ಗುರು ಯಾರು ಎಂದು ಕೇಳಿದಾಗ, ಎಂದಿನಂತೆ ವಿದೇಶದ ರೆಕಾರ್ಡುಗಳು ಎಂದೆ. ಬರೀ ಬುರುಡೆ. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಅವ್ವನನ್ನು ಕರೆಯುತ್ತಿದ್ದರು. ಹೆಣದ ಪಕ್ಕ ಕೂತು, ಸತ್ತವರ ಒಳ್ಳೆಯತನವನ್ನೆಲ್ಲ ಹೇಳಿಕೊಂಡು ಹಾಡಿ ಹಾಡಿ ಅಳುವಳು. ಪುಟ್ಟವಳಾದ ನಾನು ಅವಳ ತೊಡೆಯ ಮೇಲೆ. ಸ್ವರದಿಂದ ಸ್ವರಕ್ಕೆ ಜಾರುವುದು, ತಾಳ ತಪ್ಪಿದಂತೆ ಮಾಡಿ ಮತ್ತೆ ಬಂದು ಸೇರುವುದು, ನನ್ನ ಕೈಗೆ ಹತ್ತಿದ್ದೆಲ್ಲ ಅಲ್ಲಿಂದಲೇ.

ಆಮೇಲೆ ಸಂಘದ ಅಧ್ಯಕ್ಷ ಶಿವಶಂಕರ, "ಈಗ ಊಟದ್ ಜೊತೆ ಮೇಡಮ್ಮೋರ ಹೊಸ ಮ್ಯೂಸಿಕ್ಕು" ಎಂದು ಸ್ಪೀಕರಿಗೆ ಹಾಕಿದ. ಅಪ್ಪನ ಹೆಣದ ಮುಂದೆ ಅವ್ವ ಅತ್ತ ದನಿ, ಅದರ ಮೇಲೆ ನನ್ನ ಪಿಟೀಲು. ಜನ ಬಿಸಿಬೇಳೆಬಾತ್ ತಿನ್ನುತ್ತ ತಲೆದೂಗಿದರು. "ಏನ್ ಫೀಲಿಂಗ್ ಕಣ್ಲಾ" ಎಂದ ಒಬ್ಬ, ಬಾಯಿ ತುಂಬ ಬೂಂದಿ ಇಟ್ಟುಕೊಂಡು. ನಾನು ಅವನಿಗೆ ಕೈಮುಗಿದೆ. ಅವ್ವ ಊರು ಬರುವ ತನಕ ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

ಅವ್ವ ಒಪ್ಪಿ ಹಾಡಿಕೊಟ್ಟಳೆಂದು, ಅದಕ್ಕೆ ಪಿಯಾನೊ ನುಡಿಸಿದ ನಿನಗೂ ಹೇಳಿದ್ದೆ. ಸುಳ್ಳು ಕಣೇ. ಅಪ್ಪ ಸತ್ತ ದಿನ ಸೆರಗಿನೊಳಗೆ ಫೋನ್ ಹಿಡಿದು ರೆಕಾರ್ಡ್ ಮಾಡಿಕೊಂಡೆ. ನನ್ನ ಸದ್ದು ಸೇರಬಾರದೆಂದು ಉಸಿರು ಬಿಗಿಹಿಡಿದು ಕೂತಿದ್ದೆ. ಆಹಾ ಎಂಥ ಜಾರು ಎಂದುಕೊಂಡೆ, ಅಪ್ಪನ ಮುಖ ಕೂಡ ಸರಿಯಾಗಿ ನೋಡಲಿಲ್ಲ. ಇಂಥವಳು ನಾನು. ಆಲ್ಬಮ್ಮಿನಿಂದ ಅದನ್ನು ತೆಗೆದುಹಾಕಿ ಎಂದು ಕಂಪನಿಗೆ ಬರೆದಿದ್ದೇನೆ. ಪಿಟೀಲಿನ ಪೆಟ್ಟಿಗೆ ಮುಚ್ಚಿದವಳು ಮತ್ತೆ ತೆರೆದಿಲ್ಲ.

ನಿನ್ನ ಕೂಸಿಗೆ ಆಯಸ್ಸು ಆರೋಗ್ಯ ಎಲ್ಲ ಕೂಡಿಬರಲಿ. ಅದರ ಕೆನ್ನೆಗೆ ನನ್ನದೊಂದು ಮುತ್ತು.

ನಿನ್ನ
ಶಿವರಂಜಿನಿ

ತಾ.ಕ.: ಇವತ್ತು ಬೆಳಿಗ್ಗೆ ಅವ್ವ ನನ್ನ ತಮ್ಮ ಮಾದೇಶನ ಫೋನಿನಲ್ಲಿ ಆ ಹಾಡನ್ನೇ ಹಾಕಿಸಿಕೊಂಡಳು. ಬೈಯುತ್ತಾಳೆಂದು ಕಾದೆ. ಅವಳು ಕಿವಿಗೊಟ್ಟು, ತನ್ನ ದನಿಯ ಹಿಂದೆ ಅಳುತ್ತಿದ್ದವರನ್ನು ಒಬ್ಬೊಬ್ಬರಾಗಿ ಗುರುತಿಸಿದಳು. "ಇದು ನಿಮ್ಮತ್ತೆ ಈರಮ್ಮ. ಇದು ಮಾದೇಸ. ನೀ ಅಳಾದು ಎಲ್ಲಿ ಅಮ್ಮಿ?" ನನ್ನ ಅಳು ಹುಡುಕುತ್ತ ನಾಲ್ಕು ಸಲ ಹಾಕಿಸಿದ ಮೇಲೆ, "ನನ್ ಕಿವಿನೇ ಮಂದ ಆಗದೆ ಕಣಮ್ಮಿ" ಎಂದಳು. "ಇನ್ನೊಂದ್ಸಲ ಆಕ್ಲಾ ಮಾದೇಸ."