ಕೈಗುಣದ ತಪ್ಪಲ್ಲ

ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ಟೇಪು ಮಾಸ್ತರರಿಗೆ,

ಕಟ್ಟಿಕೊಂಡವಳ ನಮಸ್ಕಾರ. ಏಳು ವರ್ಷ ಬೇರೆ ಮನೆ, ಬೇರೆ ಟೈಲರ್ ಅಂಗಡಿ ಮಾಡಿಕೊಂಡು ಮುಖ ತಿರುಗಿಸಿ ಓಡಾಡಿದ ಗಂಡನಿಗೆ ಹೀಗೆ ಬರೆಯಲು ನಾಚಿಕೆಯಾಗುತ್ತಿದೆ. ಆದರೆ ಎದುರಿಗೆ ಕೂತರೆ ನಾನು ಜಗಳಕ್ಕೇ ಇಳಿಯುತ್ತೇನೆ. ಅದಕ್ಕೇ ಈ ಕಾಗದ.

ಮೊನ್ನೆ ಎರಡನೇ ಸಲ ನನ್ನನ್ನು ಆಸ್ಪತ್ರೆಯಿಂದ ಕರೆತಂದು, ದಿಂಬು ಸರಿಮಾಡಿ, "ನನ್ನ ಕೈಗುಣಾನೇ ಸರಿಯಿಲ್ಲ ಕಣೇ, ನಾನು ಚುಚ್ಚಿದ ಇಂಜೆಕ್ಷನ್ ನಾಟಲಿಲ್ಲ" ಎಂದು ಹೊರಟುಬಿಟ್ಟಿರಿ. ಆಮೇಲೆ ಈ ಕಡೆ ತಲೆ ಹಾಕಿಲ್ಲ. ಕತ್ತರಿಯನ್ನೂ ಮುಟ್ಟದೆ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದೀರಂತೆ. ಅಡುಗೆ ಮಾಡಿಕೊಡಲು ಬಂದ ನಿಮ್ಮ ತಂಗಿ ಹೇಳಿದಳು.

ನನಗೆ ಹೊಟ್ಟೆಯ ಕ್ಯಾನ್ಸರ್ ಎಂದು ಯಾರ ಬಾಯಿಂದ ಕೇಳಿದಿರೋ, ಅವತ್ತೇ ಸಂಜೆ ಚೀಲ ಹಿಡಿದು ಬಾಗಿಲಲ್ಲಿದ್ದಿರಿ. ಆಪರೇಷನ್ ಮಾಡಿ ಅರ್ಧಕ್ಕಿಂತ ಹೆಚ್ಚು ಜಠರ ತೆಗೆದ ಮೇಲೆ, "ಆಲ್ಟರೇಷನ್ ಆಗಿದೆ, ಇನ್ಮೇಲೆ ಸಣ್ಣ ಅಳತೆ ಊಟ" ಎಂದಿರಿ. ಹೊಲಿಗೆ ಎಳೆದರೂ ನಕ್ಕೆ. ದಿನಕ್ಕೆ ಆರು ಸಲ ನಾಲ್ಕು ನಾಲ್ಕು ತುತ್ತು ತಿನ್ನಿಸಿದ್ದು, ಕೈ ಹಿಡಿದು ನಡೆಸಿದ್ದು, ಯಾವುದನ್ನೂ ಮರೆಯಲಾರೆ. ಈ ಕಾಯಿಲೆ, ಈ ಆಪರೇಷನ್ ಎರಡೂ ಸೇರಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು, ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು ಎಂದು ಡಾಕ್ಟರ್ ಹೇಳಿದ್ದರು. ಅದನ್ನು ತಡೆಯಲು ಇಪ್ಪತ್ತೆಂಟು ದಿನ, ದಿನಕ್ಕೊಂದು ಇಂಜೆಕ್ಷನ್, ಹೊಟ್ಟೆಯ ಚರ್ಮಕ್ಕೆ. ಹದಿನೆಂಟು ದಿನ ನೀವೇ ಕೊಟ್ಟಿರಿ. ಇರುವೆ ಕಚ್ಚಿದಷ್ಟೂ ನೋವಾಗಲಿಲ್ಲ.

ಹತ್ತೊಂಬತ್ತನೆಯ ದಿನ ನಿಮಗೆ ಶಾಲೆಯ ಸಮವಸ್ತ್ರದ ಕೆಲಸ ಬಂತು, ಅವತ್ತಿನಿಂದ ದಿನವೂ ಬೆಳಿಗ್ಗೆ ಬೇಗ ಹೊರಡಬೇಕಾಯಿತು. "ಮೂವತ್ತು ವರ್ಷದಿಂದ ಸೂಜಿ ಹಿಡಿದೋಳು, ನಾನೇ ಚುಚ್ಕೋತೀನಿ ಹೋಗಿ" ಎಂದೆ. ನೀವು ನಂಬಿದಿರಿ.

ನಾನು ಚುಚ್ಚಿಕೊಳ್ಳಲಿಲ್ಲ. ಒಂದು ದಿನವಲ್ಲ, ಏಳು ದಿನ. ಆ ಏಳು ಇಂಜೆಕ್ಷನ್ನೂ ಗುಂಡಿಯ ಡಬ್ಬಿಯ ತಳದಲ್ಲಿವೆ. ನೀವು ಕೇಳಿದಾಗಲೆಲ್ಲ ಆಯಿತು ಎಂದೆ. ಈ ಸಲ ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದಾಗಲೂ ಒಂದೂ ತಪ್ಪಿಸಿಲ್ಲ ಎಂದೆ. ಪಕ್ಕದಲ್ಲಿ ನಿಂತಿದ್ದ ನಿಮ್ಮ ಮುಖ ಸಪ್ಪಗಾದದ್ದನ್ನು ನೋಡಿಯೂ ಬಾಯಿ ಬಿಡಲಿಲ್ಲ. ಬಟ್ಟೆಗೆ ಚುಚ್ಚುವ ಕೈ ಸ್ವಂತ ಹೊಟ್ಟೆಯ ಹತ್ತಿರ ಬಂದರೆ ನಡುಗುತ್ತಿತ್ತು, ಏನು ಮಾಡಲಿ.

ಇಪ್ಪತ್ತೈದನೆಯ ದಿನ ಊಟಕ್ಕೆ ಬಂದಾಗ, ಎಡಗಾಲಿಗೆ ಚಪ್ಪಲಿಯ ಪಟ್ಟಿ ಬಿಗಿದದ್ದು ನಿಮ್ಮ ಕಣ್ಣಿಗೇ ಬಿತ್ತು. ನಡೆದಾಡಿದ್ದಕ್ಕೆ ಊದಿದೆ ಎಂದು ನಾನು ಸಾಗಹಾಕಿದೆ. ನೀವು ಕೊರಳಿನ ಟೇಪು ತೆಗೆದು ಎರಡೂ ಮೀನಖಂಡ ಅಳೆದು, "ಎಡಗಡೆ ಒಂದೂಕಾಲು ಇಂಚು ಜಾಸ್ತಿ. ಏಳು, ಗಾಡಿ ತರ್ತೀನಿ" ಎಂದಿರಿ. ಹೆಪ್ಪು ತೊಡೆಯವರೆಗೆ ಬಂದಿತ್ತಂತೆ, ಎದೆಗೆ ಹೋಗಿರಲಿಲ್ಲ. ಹದಿನೆಂಟು ದಿನ ಕಾಪಾಡಿದ್ದೂ ನಿಮ್ಮ ಕೈ, ಟೇಪು ಹಿಡಿದು ಉಳಿಸಿದ್ದೂ ನಿಮ್ಮ ಕೈ. ಅದರ ಹೆಸರು ಕೆಡಿಸಿದ್ದು ನನ್ನ ಸುಳ್ಳು. ನಿನ್ನೆ ಡಾಕ್ಟರಿಗೂ ನಿಜ ಹೇಳಿ ಚೆನ್ನಾಗಿ ಬೈಸಿಕೊಂಡೆ. ಈಗ ನಿಮ್ಮ ಸರದಿ. ಬೈದ ಮೇಲೆ ಕತ್ತರಿ ಹಿಡಿಯಿರಿ.

ನೀವು ಉಳಿಸಿದ ಜೀವ,
ನಿಮ್ಮ ಮೊಂಡಿ

ತಾ.ಕ.: ಕೈ ನಡುಗಿತು ಎಂದದ್ದೂ ಸುಳ್ಳು. ಆಪರೇಷನ್ ಆಗಿ ಮನೆಗೆ ಬಂದ ದಿನ ನೀವು, "ಇಂಜೆಕ್ಷನ್ ಮುಗಿಯೋವರೆಗೂ ಇರ್ತೀನಿ" ಎಂದಿದ್ದಿರಿ. ಮುಗಿದರೆ ಹೊರಡುತ್ತೀರಲ್ಲ. ಕೊನೆಯ ದಿನ ಉಳಿಸಿದ್ದನ್ನೆಲ್ಲ ಹೊರತೆಗೆದು, ಲೆಕ್ಕ ತಪ್ಪಿದೆ, ಇನ್ನೂ ಇವೆ ನೋಡಿ ಎನ್ನಬೇಕೆಂದಿದ್ದೆ. ಈಗ ಡಾಕ್ಟರ್ ಇನ್ನೂ ಮೂರು ತಿಂಗಳು ಇಂಜೆಕ್ಷನ್ ಬರೆದಿದ್ದಾರೆ. ಇವತ್ತು ಬೆಳಿಗ್ಗೆ ನಾನೇ ಚುಚ್ಚಿಕೊಂಡೆ. ದಿನವೂ ಚುಚ್ಚಿಕೊಳ್ಳುತ್ತೇನೆ. ಆದ್ದರಿಂದ ಅದಕ್ಕೆಂದು ಬರಬೇಡಿ. ಸುಮ್ಮನೆ ಬನ್ನಿ.